ಮೂತ್ರದಲ್ಲಿ ಮತ್ತೆ ‘ತ್ರೀ ಪ್ಲಸ್’ ಬಂತು: ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್ ಮರುಕಳಿಸಿದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಮೂರೂವರೆ ವರ್ಷ ಇರುವಾಗ ನೆಫ್ರೋಟಿಕ್ ಶುರುವಾಯಿತು. ಈಗ ಅವನಿಗೆ ಹದಿಮೂರು. ನಡುವೆ ಒಂಬತ್ತು ಸಲ ಮರುಕಳಿಸಿದೆ. ನಾವು ಉಡುಪಿ ಹತ್ತಿರದವರು. ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಆಸ್ಪತ್ರೆಯ ಮಕ್ಕಳ ವಿಭಾಗದ ಬೆಂಚಿನಲ್ಲಿ ಕೂತಾಗ ಪಕ್ಕದ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಮದ್ದಿನ ಲೆಕ್ಕ ಕೊಟ್ಟಿರುವುದು ಚೀಟಿಯಲ್ಲಿ ಬರೆದದ್ದು ನಿಮಗೆ ಅರ್ಥವಾಗಲಿ ಅಂತ. ಮನೆಯಲ್ಲೇ ಮದ್ದು ಶುರು ಮಾಡಲಿಕ್ಕೆ ಅಲ್ಲ.

ಇದು ಎಂತ ಕಾಯಿಲೆ? ಕಿಡ್ನಿ ಫೇಲ್ ಆಯ್ತು ಅಂತಲಾ?

ಅಲ್ಲ. ಅದು ಬೇರೆ, ಇದು ಬೇರೆ.

ತೆಂಗಿನಕಾಯಿ ಹಾಲು ಹಿಂಡುವ ಬಟ್ಟೆ ನೋಡಿದ್ದೀರಲ್ಲ. ನೇಯ್ಗೆ ಬಿಗಿ ಇದ್ದರೆ ಹಾಲು ಮಾತ್ರ ಇಳಿಯುತ್ತದೆ. ಸಡಿಲವಾದರೆ ಚರಟವೂ ಜೊತೆಗೆ ಬರುತ್ತದೆ. ಒಂದೊಂದು ಕಿಡ್ನಿಯಲ್ಲಿ ರಕ್ತ ಸೋಸುವ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ನೆಫ್ರೋಟಿಕ್‌ನಲ್ಲಿ ಆ ಜರಡಿ ಹರಿದು ಹೋಗುವುದಿಲ್ಲ, ನೇಯ್ಗೆ ಸಡಿಲವಾಗುತ್ತದೆ. ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತದೆ. ರಕ್ತನಾಳದ ಒಳಗೆ ನೀರನ್ನು ಹಿಡಿದಿಡುವುದೇ ಈ ಆಲ್ಬುಮಿನ್. ಅದು ಕಮ್ಮಿಯಾದಾಗ ನೀರು ಹೊರಗೆ ಜಿನುಗಿ ಕಣ್ಣಿನ ಸುತ್ತ, ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಮೂತ್ರದಲ್ಲಿ ನೊರೆ ಬರುತ್ತದೆ.

ಹೆಚ್ಚಾಗಿ 2ರಿಂದ 6 ವರ್ಷದ ಮಕ್ಕಳಲ್ಲಿ ಶುರುವಾಗುತ್ತದೆ, ಹುಡುಗರಲ್ಲಿ ಜಾಸ್ತಿ. ನೂರು ಮಕ್ಕಳಲ್ಲಿ 85-90 ಮಕ್ಕಳಿಗೆ ಸ್ಟಿರಾಯ್ಡ್ (ಪ್ರೆಡ್ನಿಸೊಲೋನ್ ಮಾತ್ರೆ) ಕೊಟ್ಟ ಕೆಲವೇ ವಾರಗಳಲ್ಲಿ ಸೋರಿಕೆ ನಿಂತುಬಿಡುತ್ತದೆ. ಇಂಥ ಮಕ್ಕಳಿಗೆ ಮುಂದೆ ಕಿಡ್ನಿ ಫೇಲ್ ಆಗುವುದು ಬಹಳ ಅಪರೂಪ.

ನಮಗೆ ಮೊದಲ ಸಲ ಗೊತ್ತಾಗಲು ಹತ್ತು ದಿನ ಹಿಡಿಯಿತು. ಬೆಳಿಗ್ಗೆ ಎದ್ದಾಗ ಕಣ್ಣು ಊದಿರುತ್ತಿತ್ತು, ಸಂಜೆಗೆ ಇಳಿಯುತ್ತಿತ್ತು. ಒಂದು ಕ್ಲಿನಿಕ್‌ನಲ್ಲಿ ಅಲರ್ಜಿ ಅಂದರು, ಕಣ್ಣಿಗೆ ಡ್ರಾಪ್ಸ್ ಕೊಟ್ಟರು. ಒಂದು ಮೂತ್ರ ಪರೀಕ್ಷೆ ಬರೆದಿದ್ದರೆ ಅವತ್ತೇ ಮುಗಿಯುತ್ತಿತ್ತು. ಅವನ ಚಡ್ಡಿಯ ಲಾಡಿ ಕಟ್ಟಲಿಕ್ಕೆ ಆಗದಷ್ಟು ಹೊಟ್ಟೆ ಬಂದ ಮೇಲೆ ನಾವು ಬೇರೆ ಕಡೆ ಓಡಿದೆವು.

ಗುಣವಾಗಿತ್ತಲ್ಲ, ಮತ್ತೆ ಯಾಕೆ ಬಂತು? ನಾವೇನು ತಪ್ಪು ಮಾಡಿದೆವು?

ಏನೂ ಮಾಡಿಲ್ಲ. ಸ್ಟಿರಾಯ್ಡ್‌ಗೆ ಒಗ್ಗುವ ಮಕ್ಕಳಲ್ಲೂ ನೂರಕ್ಕೆ 80-90 ಮಂದಿಗೆ ಒಮ್ಮೆಯಾದರೂ ಮರುಕಳಿಸುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಪದೇ ಪದೇ ಬರುತ್ತದೆ. ಅಂದರೆ ಮರುಕಳಿಸುವುದು ಈ ಕಾಯಿಲೆಯ ಗುಣವೇ. ಮೊದಲ ದಿನವೇ ಯಾರಾದರೂ ಹೀಗೆ ಹೇಳಿದ್ದರೆ ನಾನು ಎರಡನೇ ಸಲ ಅಷ್ಟು ಅಳುತ್ತಿರಲಿಲ್ಲ.

ಮಗುವಿನ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಜರಡಿಯ ಮೇಲೆಯೇ ತಿರುಗಿ ಬೀಳುವುದು ಕಾರಣ ಅಂತ ಡಾಕ್ಟರುಗಳು ಹೇಳುತ್ತಾರೆ. ಜರಡಿಯ ನೇಯ್ಗೆಯಲ್ಲಿ ನೆಫ್ರಿನ್ ಎಂಬ ಪ್ರೋಟೀನ್ ಇದೆ. ಅದರ ವಿರುದ್ಧ ದೇಹವೇ ತಯಾರಿಸಿದ ಆಂಟಿಬಾಡಿ ಇಂಥ ಅನೇಕ ಮಕ್ಕಳ ರಕ್ತದಲ್ಲಿ ಇರುವುದನ್ನು 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಶೀತ, ಕೆಮ್ಮು, ಭೇದಿ, ಮೂತ್ರದ ಸೋಂಕು, ಚರ್ಮದ ಕುರು ಬಂದಾಗ ಈ ಶಕ್ತಿ ಎಚ್ಚರವಾಗುತ್ತದೆ. ಅದರ ಹಿಂದೆಯೇ ರಿಲ್ಯಾಪ್ಸ್, ಅಂದರೆ ಮರುಕಳಿಕೆ, ಬರಬಹುದು. ಐಸ್‌ಕ್ಯಾಂಡಿ ತಿಂದದ್ದಕ್ಕೆ, ದೃಷ್ಟಿ ಬಿದ್ದದ್ದಕ್ಕೆ ಅಲ್ಲ. ನನ್ನ ಅತ್ತೆ ಇವತ್ತಿಗೂ ಇದನ್ನು ಒಪ್ಪುವುದಿಲ್ಲ, ಆ ವಿಷಯ ಬಿಡಿ.

ರಿಲ್ಯಾಪ್ಸ್ ಅಂತ ಯಾವಾಗ ಹೇಳುತ್ತಾರೆ?

ಮೂತ್ರದ ಪ್ರೋಟೀನನ್ನು ಪ್ಲಸ್ ಲೆಕ್ಕದಲ್ಲಿ ಹೇಳುತ್ತಾರೆ, ಪ್ಲಸ್ ಹೆಚ್ಚಿದಷ್ಟೂ ಸೋರಿಕೆ ಜಾಸ್ತಿ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ 3+ ಅಥವಾ 4+ ಸತತ ಮೂರು ದಿನ ಬಂದರೆ ಅದು ರಿಲ್ಯಾಪ್ಸ್. ಮೂರು ದಿನ ‘ನಿಲ್’ ಅಥವಾ ‘ಟ್ರೇಸ್’ ಬಂದರೆ ರೆಮಿಷನ್, ಅಂದರೆ ಸೋರಿಕೆ ನಿಂತಿದೆ.

ಒಂದೇ ದಿನ 2+ ನೋಡಿ ಗಾಬರಿ ಬೀಳಬೇಡಿ. ಜ್ವರ ಬಂದಾಗ ಮಕ್ಕಳಿಗೆ 1+, 2+ ಬಂದು ತಾನೇ ಹೋಗುವುದು ಉಂಟು. ಮೂರು ದಿನದ ಲೆಕ್ಕ ಇಟ್ಟಿರುವುದೇ ಅದಕ್ಕೆ. ಆದರೆ ಊತ ಕಂಡರೆ ಮೂರು ದಿನ ಕಾಯುತ್ತಾ ಕೂರಬೇಡಿ.

ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಲೇಬೇಕಾ? ಮುಖ ನೋಡಿದರೆ ಗೊತ್ತಾಗುತ್ತದಲ್ಲ?

ಮಾಡಲೇಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂತಾದರೆ ಇದನ್ನೇ ಓದಿ.

ಊತ ಕಾಣಿಸುವಷ್ಟರಲ್ಲಿ ಸೋರಿಕೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಆಗ ಆಲ್ಬುಮಿನ್ ಕುಸಿದಿರುತ್ತದೆ. ಹೊಟ್ಟೆಯಲ್ಲಿ ನಿಂತ ನೀರಿಗೆ ಸೋಂಕು ತಗಲಬಹುದು, ರಕ್ತ ಹೆಪ್ಪುಗಟ್ಟಬಹುದು, ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಗಬಹುದು. ಮೂತ್ರದಲ್ಲೇ ಹಿಡಿದರೆ ಹೆಚ್ಚಿನ ಸಲ ಹೊರರೋಗಿ ವಿಭಾಗದಲ್ಲಿ ಮಾತ್ರೆ ಬರೆಸಿಕೊಂಡು ಮನೆಗೆ ಬರಬಹುದು. ನಮ್ಮ ಮೊದಲ ಮೂರು ರಿಲ್ಯಾಪ್ಸ್ ಮುಖದಲ್ಲಿ ಗೊತ್ತಾಯಿತು, ಮೂರರಲ್ಲೂ ವಾರ್ಡ್ ಸೇರಿದೆವು. ಆಮೇಲಿನ ಆರರಲ್ಲಿ ಒಂದೇ ಸಲ ಅಡ್ಮಿಟ್. ಕಾಯಿಲೆ ಬದಲಾಗಲಿಲ್ಲ, ನಾವು ನೋಡುವ ಜಾಗ ಬದಲಾಯಿತು. ದಿನಗೂಲಿ ಕಳೆದುಕೊಂಡು ಆಸ್ಪತ್ರೆಯಲ್ಲಿ ಕೂರುವ ಮನೆಯವರಿಗೆ ಇದರ ಬೆಲೆ ಗೊತ್ತು.

ಮೂರು ದಾರಿ ಉಂಟು.

ಮೊದಲನೆಯದು ಸ್ಟ್ರಿಪ್. ಮೂತ್ರದಲ್ಲಿ ಅದ್ದಿ, ಡಬ್ಬಿಯಲ್ಲಿ ಬರೆದಷ್ಟು ಸೆಕೆಂಡ್ ಬಿಟ್ಟು, ಬಣ್ಣವನ್ನು ಡಬ್ಬಿಯ ಮೇಲಿನ ಚೌಕಗಳ ಜೊತೆ ಹೋಲಿಸುವುದು. ಹಳದಿ ಹಾಗೇ ಇದ್ದರೆ ಸರಿ, ಹಸಿರು ಹೆಚ್ಚಿದಷ್ಟೂ ಪ್ರೋಟೀನ್ ಜಾಸ್ತಿ. ನಮ್ಮ ಊರಿನ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಸ್ಟ್ರಿಪ್ ಬಿಡುತ್ತದಾ? ತೇವ ತಗಲಿದರೆ ಸುಳ್ಳು ಹೇಳುತ್ತದೆ. ಒಂದು ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಿ. ಒಳಗಿರುವ ತೇವ ಹೀರುವ ಪೊಟ್ಟಣ ಬಿಸಾಡಬೇಡಿ. ಫ್ರಿಜ್‌ನಲ್ಲಿ ಇಡಬೇಡಿ. ಕತ್ತರಿಸಿ ಎರಡು ಮಾಡುವುದು, ಪಕ್ಕದ ಮನೆಯವರ ಜೊತೆ ಬಿಡಿಯಾಗಿ ಹಂಚಿಕೊಳ್ಳುವುದು ಉಳಿತಾಯದ ಹಾಗೆ ಕಂಡರೂ ಆಮೇಲೆ ನಷ್ಟವೇ.

ಎರಡನೆಯದು ಸಲ್ಫೋಸ್ಯಾಲಿಸಿಲಿಕ್ ಆಸಿಡ್. ಹೆಸರು ಉದ್ದ, ಕೆಲಸ ಸುಲಭ, ಖರ್ಚು ಬಹಳ ಕಮ್ಮಿ. ಗಾಜಿನ ನಳಿಕೆಯಲ್ಲಿ ಸ್ವಲ್ಪ ಮೂತ್ರ ತೆಗೆದುಕೊಂಡು ಡಾಕ್ಟರು ತೋರಿಸಿದಷ್ಟು ಹನಿ ಹಾಕುವುದು. ಹಿಂದೆ ಕ್ಯಾಲೆಂಡರ್ ಹಿಡಿದು ನೋಡುವುದು. ತಿಳಿಯಾಗಿದ್ದರೆ ನಿಲ್. ಮಬ್ಬಾದರೂ ಅಕ್ಷರ ಓದಲು ಬಂದರೆ 1+. ಬಿಳಿ ಮೋಡ ಕವಿದು ಅಕ್ಷರ ಓದಲು ಆಗದಿದ್ದರೆ 2+. ಮೋಡದ ಜೊತೆ ಸಣ್ಣ ಕಣ ಕಂಡರೆ 3+. ಮಜ್ಜಿಗೆ ಒಡೆದ ಹಾಗೆ ಗಟ್ಟಿ ಗಟ್ಟಿಯಾದರೆ 4+. ಅದು ಆಸಿಡ್, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮೂರನೆಯದು ಅಜ್ಜಂದಿರ ಕಾಲದ ಕಾಯಿಸುವ ಪರೀಕ್ಷೆ. ನಳಿಕೆಯ ಮುಕ್ಕಾಲು ಭಾಗ ಮೂತ್ರ ತುಂಬಿ, ಇಕ್ಕಳದಲ್ಲಿ ಹಿಡಿದು, ಬಾಯಿಯನ್ನು ಮುಖದಿಂದ ದೂರ ಓರೆಯಾಗಿಟ್ಟು ಮೇಲಿನ ಭಾಗ ಮಾತ್ರ ಕಾಯಿಸುವುದು. ಮಬ್ಬಾದರೆ ನಾಲ್ಕು ಹನಿ ವಿನೆಗರ್ ಹಾಕಿ. ಮಬ್ಬು ಹೋದರೆ ಪ್ರೋಟೀನ್ ಅಲ್ಲ, ಉಳಿದರೆ ಪ್ರೋಟೀನ್. ನಾನು ಇದನ್ನು ಮಾಡುವುದು ಸ್ಟ್ರಿಪ್ ಮುಗಿದಾಗ ಮಾತ್ರ.

ಯಾವುದೇ ಆಗಲಿ, ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರವೇ ಬೇಕು. ಓಡಾಡಿದ ಮೇಲೆ ಕೆಲವು ಮಕ್ಕಳಿಗೆ ಸುಮ್ನೆ ಪ್ರೋಟೀನ್ ಕಾಣಿಸುತ್ತದೆ.

ಪುಸ್ತಕದಲ್ಲಿ ಏನು ಬರೆಯಬೇಕು?

ತಾರೀಕು, ಪ್ರೋಟೀನ್ ಎಷ್ಟು ಪ್ಲಸ್, ಕೊಟ್ಟ ಮಾತ್ರೆ, ತೂಕ, ಜ್ವರ ಶೀತ ಇದ್ದರೆ ಅದು. ಅಷ್ಟೇ. ನಾನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಿಂದ ಶುರು ಮಾಡಿದ್ದು. ಪ್ರತಿ ಸಲ ಬೇರೆ ಡಾಕ್ಟರು ಸಿಕ್ಕರೂ ಈ ಪುಸ್ತಕ ಕೊಟ್ಟರೆ ಅವರು ಎರಡು ನಿಮಿಷದಲ್ಲಿ ಇಡೀ ಕಥೆ ಓದಿಬಿಡುತ್ತಾರೆ. ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿದರೆ ಕೆಲವು ಡಾಕ್ಟರುಗಳು ಅಲ್ಲಿಂದಲೇ ಹೇಳುತ್ತಾರೆ, ಬಸ್ಸಿನ ಖರ್ಚು ಉಳಿಯುತ್ತದೆ.

ಮಳೆಗಾಲದಲ್ಲೇ ಯಾಕೆ ಜಾಸ್ತಿ?

ನಮ್ಮ ಪುಸ್ತಕದಲ್ಲಿ ಒಂಬತ್ತರಲ್ಲಿ ಆರು ರಿಲ್ಯಾಪ್ಸ್ ಜೂನ್‌ನಿಂದ ಆಗಸ್ಟ್ ಒಳಗೆ. ಶಾಲೆ ಶುರು, ಒದ್ದೆ ಯೂನಿಫಾರ್ಮ್, ಒಂದು ಬೆಂಚಿನಲ್ಲಿ ಐದು ಮೂಗು ಸುರಿಯುವ ಮಕ್ಕಳು. ಶೀತ ಬರದೆ ಇರುತ್ತದಾ?

ಕಷ್ಟ ಎಂತ ಅಂದರೆ, ಜೂನ್ 1ರಿಂದ ಜುಲೈ 31ರವರೆಗೆ ಬೋಟಿಗೂ ರಜೆ. 61 ದಿನ ಕಡಲಿಗೆ ಇಳಿಯುವ ಹಾಗಿಲ್ಲ. ಮನೆಯಲ್ಲಿ ದುಡ್ಡು ಇಲ್ಲದ ಹೊತ್ತಿಗೇ ಮಗುವಿಗೆ ಹುಷಾರು ತಪ್ಪುತ್ತದೆ. ದಕ್ಕೆಯಲ್ಲಿ (ಬೋಟು ನಿಲ್ಲುವ ಜಾಗದಲ್ಲಿ) ಕೆಲಸ ಮಾಡುವ ಬಾಗಲಕೋಟೆ, ಗದಗ ಕಡೆಯವರು ಆಗ ಊರಿಗೆ ಹೋಗುತ್ತಾರೆ, ಚೀಟಿ ಇಲ್ಲಿ, ಮಗು ಅಲ್ಲಿ. ಹಾಗಾಗಿ ಮೇ ತಿಂಗಳಲ್ಲೇ ಒಂದು ಕೆಲಸ ಮಾಡಿ. ಒಂದು ಡಬ್ಬಿ ಸ್ಟ್ರಿಪ್, ಚೀಟಿಯ ಜೆರಾಕ್ಸ್ ಎರಡು, ಮತ್ತು ರಿಲ್ಯಾಪ್ಸ್ ಬಂದರೆ ಏನು ಮಾಡಬೇಕು ಅಂತ ಡಾಕ್ಟರ ಕೈಬರಹದಲ್ಲಿ ಒಂದು ಹಾಳೆ. ಕೇಳಿದರೆ ಬರೆದು ಕೊಡುತ್ತಾರೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಶೀತ ಬಂದ ಕೂಡಲೇ ಸ್ಟಿರಾಯ್ಡ್ ಜಾಸ್ತಿ ಮಾಡಬೇಕಾ?

ನೀವಾಗಿ ಮಾಡಬೇಡಿ. ಹಿಂದೆ ಇದಕ್ಕೆ ‘ಹೌದು’ ಅನ್ನುವವರು ಜಾಸ್ತಿ ಇದ್ದರು. ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಜ್ವರ ಬಂದಾಗ ಒಂದು ವಾರ ದಿನಾ ಕೊಟ್ಟರೆ ಉಪಯೋಗ ಅಂತ ಭಾರತದ ಅಧ್ಯಯನವೇ ಹೇಳಿತ್ತು. ಆಮೇಲೆ ಬ್ರಿಟನ್‌ನಲ್ಲಿ ನಡೆದ ಪ್ರೆಡ್ನೋಸ್-2 ಎಂಬ ದೊಡ್ಡ ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ. ಈಗ ಡಾಕ್ಟರುಗಳು ಮಗು ನೋಡಿ ತೀರ್ಮಾನ ಮಾಡುತ್ತಾರೆ. ನೀವು ಮಾಡಬೇಕಾದ್ದು ಶೀತ ಇರುವಷ್ಟು ದಿನವೂ ದಿನಾ ಮೂತ್ರ ನೋಡುವುದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್ ಇರುವ ಸಿರಪ್ ಬೇಡ, ಅದು ಕಿಡ್ನಿಗೆ ಒಳ್ಳೆಯದಲ್ಲ. ಮೆಡಿಕಲ್‌ನಲ್ಲಿ ಕೊಡುವ ಕೆಲವು ಜ್ವರದ ಸಿರಪ್‌ಗಳಲ್ಲಿ ಎರಡೂ ಸೇರಿರುತ್ತವೆ, ಬಾಟಲಿ ಓದಿ ನೋಡಿ.

ಮದ್ದಿನ ಲೆಕ್ಕ ಹೇಗೆ? ಹಳೆ ಚೀಟಿ ತೋರಿಸಿ ಮಾತ್ರೆ ತಂದರೆ ಆಗದಾ?

ಮೊದಲ ಸಲ ಬಂದಾಗ ಪ್ರೆಡ್ನಿಸೊಲೋನ್ ದಿನಕ್ಕೆ ಒಂದು ಕೆಜಿ ತೂಕಕ್ಕೆ 2 ಮಿಲಿಗ್ರಾಂ, 6 ವಾರ. ಆಮೇಲೆ ಕೆಜಿಗೆ 1.5 ಮಿಲಿಗ್ರಾಂ ದಿನ ಬಿಟ್ಟು ದಿನ, ಇನ್ನು 6 ವಾರ. ನಮ್ಮ ದೇಶದ ಮಕ್ಕಳ ಕಿಡ್ನಿ ತಜ್ಞರ ಪದ್ಧತಿ ಇದು. ದಿನಾ ಕೊಡುವಾಗ 60 ಮಿಲಿಗ್ರಾಂ, ದಿನ ಬಿಟ್ಟು ದಿನ ಕೊಡುವಾಗ 40 ಮಿಲಿಗ್ರಾಂ ದಾಟಿಸುವುದಿಲ್ಲ. ರಿಲ್ಯಾಪ್ಸ್‌ಗೆ ಚಿಕ್ಕ ಕೋರ್ಸ್: ಮೂತ್ರ ಮೂರು ದಿನ ನಿಲ್ ಅಥವಾ ಟ್ರೇಸ್ ಬರುವವರೆಗೆ ದಿನಾ, ಆಮೇಲೆ ದಿನ ಬಿಟ್ಟು ದಿನ 4 ವಾರ.

ಹಳೆ ಚೀಟಿ ಯಾಕೆ ಆಗದು ಅಂದರೆ, ಲೆಕ್ಕ ತೂಕದ ಮೇಲೆ. ಹೋದ ವರ್ಷದ 12 ಕೆಜಿ ಮಗು ಈಗ 15 ಕೆಜಿ ಇರಬಹುದು. ಊತ ಇದ್ದರೆ ತಕ್ಕಡಿ 17 ತೋರಿಸಬಹುದು, ಆ ಎರಡು ಕೆಜಿ ಬರೀ ನೀರು. ಎಷ್ಟು ಅಂತ ಇಟ್ಟುಕೊಳ್ಳಬೇಕು ಅಂತ ಡಾಕ್ಟರು ಹೇಳಬೇಕು. ಮಾತ್ರೆ 5, 10, 20 ಮಿಲಿಗ್ರಾಂ ಅಂತ ಬೇರೆ ಬೇರೆ ಬರುತ್ತದೆ. ‘ಮೊನ್ನೆ ಎರಡು ಕೊಟ್ಟಿದ್ದೆ’ ಅನ್ನುವ ಲೆಕ್ಕ ಅಪಾಯ.

ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೇ ಸಲ ಕೊಡಿ.

ಒಬ್ಬರು ಮೂರು ತಿಂಗಳು ಅಂದರು, ಇನ್ನೊಬ್ಬರು ಎರಡು. ಆರು ತಿಂಗಳು ಕೊಟ್ಟರೆ ಪೂರ್ತಿ ಹೋಗುತ್ತದಾ?

ಎಂಟು ವಾರ, ಹನ್ನೆರಡು ವಾರ ಎರಡೂ ಚಾಲ್ತಿಯಲ್ಲಿವೆ, ಜಗಳ ಬೇಡ. ಆರು ತಿಂಗಳಿಗೆ ಎಳೆದರೆ ರಿಲ್ಯಾಪ್ಸ್ ಕಮ್ಮಿಯಾಗುವುದಿಲ್ಲ ಅಂತ ಭಾರತದಲ್ಲೇ ನಡೆದ ಅಧ್ಯಯನ ತೋರಿಸಿದೆ.

ಸ್ಟಿರಾಯ್ಡ್ ಅಂದರೆ ವಿಷ ಅಂತಾರಲ್ಲ?

ಅಂತಾರೆ. ನನಗೂ ಅಂದಿದ್ದಾರೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟ್‌ನಲ್ಲಿ. ಮಗನ ಮುಖ ಚೆಂಡಿನ ಹಾಗೆ ದುಂಡಗಾಗಿತ್ತು. ಹಸಿವು ಎಷ್ಟೆಂದರೆ ರಾತ್ರಿ ಹನ್ನೊಂದಕ್ಕೆ ಎದ್ದು ಅನ್ನ ಕೇಳುತ್ತಿದ್ದ. ಸಿಟ್ಟು, ಹಠ, ಅಳು. ಕೆನ್ನೆಯಲ್ಲಿ ಸಣ್ಣ ಕೂದಲು. ಇವೆಲ್ಲ ಮದ್ದು ಇಳಿದ ಮೇಲೆ ಇಳಿಯುತ್ತವೆ. ಗಮನ ಕೊಡಬೇಕಾದ್ದು ಬೇರೆ ಇದೆ: ಬಿ.ಪಿ., ಎತ್ತರ, ಕಣ್ಣು. ಪದೇ ಪದೇ ಸ್ಟಿರಾಯ್ಡ್ ಬೀಳುವ ಮಗುವಿಗೆ ಕಣ್ಣಿನ ಪೊರೆ ಬರಬಹುದು, ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಗೋಡೆಯಲ್ಲಿ ಪೆನ್ಸಿಲ್ ಗೀಟು ಹಾಕಿ ಎತ್ತರ ನೋಡುತ್ತಿರಿ. ಗೀಟು ಮೇಲೆ ಹೋಗದಿದ್ದರೆ ಡಾಕ್ಟರಿಗೆ ಹೇಳಿ.

ಆದರೆ ಹೆದರಿ ಒಮ್ಮೆಲೇ ನಿಲ್ಲಿಸುವುದಿದೆಯಲ್ಲ, ಅದೇ ದೊಡ್ಡ ತಪ್ಪು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿರುವಾಗ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ. ದಿಢೀರ್ ನಿಲ್ಲಿಸಿದರೆ ವಾಂತಿ, ನಿತ್ರಾಣ, ಬಿ.ಪಿ. ಕುಸಿತ ಬರಬಹುದು. ಜ್ವರವೂ ಸೇರಿದರೆ ಜೀವಕ್ಕೇ ಅಪಾಯ. ನಾನೂ ಒಮ್ಮೆ ಹೀಗೆ ಮಾಡಿದ್ದೇನೆ. ‘ಇಷ್ಟು ಚಿಕ್ಕ ಮಗುವಿಗೆ ಇಷ್ಟು ಮಾತ್ರೆಯಾ’ ಅಂದವರ ಮಾತು ಕೇಳಿ ಎರಡನೇ ಕೋರ್ಸ್‌ನ ನಡುವೆ ಬಿಟ್ಟೆ. ಎಂಟನೇ ದಿನ ಮತ್ತೆ ವಾರ್ಡಿನಲ್ಲಿದ್ದೆವು. ಅಂದವರು ನೋಡಲಿಕ್ಕೂ ಬರಲಿಲ್ಲ.

ಯಾವುದೇ ಆಪರೇಷನ್, ಹಲ್ಲು ಕೀಳಿಸುವುದು, ಜೋರು ಜ್ವರ ಇದ್ದರೆ ‘ಕಳೆದ ಒಂದು ವರ್ಷದಲ್ಲಿ ಸ್ಟಿರಾಯ್ಡ್ ತೆಗೆದುಕೊಂಡಿದ್ದಾನೆ’ ಅಂತ ಮೊದಲೇ ಹೇಳಿ.

ಪದೇ ಪದೇ ಬರುತ್ತಿದ್ದರೆ ಬೇರೆ ಮದ್ದು ಇಲ್ಲವಾ?

ಉಂಟು. ಆರು ತಿಂಗಳಲ್ಲಿ ಮೂರು ಸಲ ಅಥವಾ ವರ್ಷದಲ್ಲಿ ನಾಲ್ಕು ಸಲ ಬಂದರೆ ‘ಪದೇ ಪದೇ ಮರುಕಳಿಸುವ’ ಗುಂಪು. ದಿನ ಬಿಟ್ಟು ದಿನ ಮಾತ್ರೆ ನಡೆಯುತ್ತಿರುವಾಗಲೇ ಅಥವಾ ನಿಲ್ಲಿಸಿದ 14 ದಿನದೊಳಗೆ ಸತತ ಎರಡು ಸಲ ಬಂದರೆ ‘ಸ್ಟಿರಾಯ್ಡ್ ಅವಲಂಬಿತ’.

ಮೊದಲು ಸಾಮಾನ್ಯವಾಗಿ ಕಮ್ಮಿ ಡೋಸ್ ಪ್ರೆಡ್ನಿಸೊಲೋನನ್ನು ದಿನ ಬಿಟ್ಟು ದಿನ, ಹಲವು ತಿಂಗಳು ಕೊಟ್ಟು ನೋಡುತ್ತಾರೆ. ಅದು ಸಾಲದಿದ್ದರೆ ಲೆವಾಮಿಸೋಲ್. ಮೂಲದಲ್ಲಿ ಇದು ಹುಳದ ಮದ್ದು! ಚೀಟಿ ಓದಿದ ಮೆಡಿಕಲ್‌ನವರು ‘ಹುಳಕ್ಕಾ?’ ಅಂತ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಖರ್ಚು ಕಮ್ಮಿ, ಆದರೆ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಹತ್ತು ದಿನ ಮೊದಲೇ ಹೇಳಿ ತರಿಸಿ. ಇನ್ನೊಂದು ಸೈಕ್ಲೋಫಾಸ್ಫಮೈಡ್, 8ರಿಂದ 12 ವಾರ. ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕು, ನೀರು ಜಾಸ್ತಿ ಕುಡಿಸಬೇಕು. ಮೈಕೋಫಿನೊಲೇಟ್, ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್ ದುಬಾರಿ. ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಇನ್ನೂ ದುಬಾರಿ.

ಡಾಕ್ಟರ ಹತ್ತಿರ ದುಡ್ಡಿನ ಮಾತು ನಾಚಿಕೆ ಬಿಟ್ಟು ಆಡಿ. ಒಂದು ತಿಂಗಳು ತಂದು ಎರಡನೇ ತಿಂಗಳು ನಿಲ್ಲಿಸುವ ದುಬಾರಿ ಮದ್ದಿಗಿಂತ ಪೂರ್ತಿ ಕೊಡಲಿಕ್ಕೆ ಆಗುವ ಅಗ್ಗದ ಮದ್ದು ಮೇಲು. ‘ತಿಂಗಳಿಗೆ ನಮ್ಮಿಂದ ಇಷ್ಟೇ ಆಗುವುದು’ ಅಂತ ನಾನು ನೇರ ಹೇಳಿದೆ. ಡಾಕ್ಟರು ಬೇಸರ ಮಾಡಲಿಲ್ಲ, ಚೀಟಿ ಬದಲಾಯಿಸಿದರು.

ಯಾವಾಗ ರಾತ್ರೋರಾತ್ರಿ ಓಡಬೇಕು?

ಜ್ವರದ ಜೊತೆ ಹೊಟ್ಟೆನೋವು, ಹೊಟ್ಟೆ ಮುಟ್ಟಿದರೆ ಕಿರುಚುವುದು. ಇದನ್ನು ‘ಗ್ಯಾಸ್’ ಅಂತ ಓಮದ ನೀರು ಕುಡಿಸಿ ಬೆಳಗಾಗಲಿ ಅಂತ ಕಾಯಬೇಡಿ, ಹೊಟ್ಟೆಯ ನೀರಿಗೆ ಸೋಂಕು ಆಗಿರಬಹುದು. ನಿಲ್ಲದ ವಾಂತಿ ಭೇದಿ. ಮೂತ್ರ ತೀರಾ ಕಮ್ಮಿ. ಉಸಿರಾಡಲು ಕಷ್ಟ. ಒಂದೇ ಕಾಲು ಊದಿ ನೋಯುವುದು, ಜೋರು ತಲೆನೋವು, ಫಿಟ್ಸ್, ಎಬ್ಬಿಸಿದರೂ ಮಂಕು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಊತ ಇರುವಾಗ ‘ನೀರು ಇಳಿಸುವ ಮಾತ್ರೆ’ ನೀವೇ ತಂದು ಕೊಡಬೇಡಿ. ಹೊರಗೆ ನೀರು ತುಂಬಿದ್ದರೂ ರಕ್ತನಾಳದ ಒಳಗೆ ನೀರು ಕಮ್ಮಿ ಇರಬಹುದು. ಆಗ ಆ ಮಾತ್ರೆ ತೊಂದರೆ ಜಾಸ್ತಿ ಮಾಡುತ್ತದೆ.

ಊಟ? ಮೀನು, ಮೊಟ್ಟೆ ಬಂದ್ ಮಾಡಬೇಕಾ?

ಬೇಡ. ಪ್ರೋಟೀನ್ ಸೋರುತ್ತದೆ ಅಂತ ಎರಡು ಪಾಲು ತುರುಕುವುದೂ ಬೇಡ, ಕಿಡ್ನಿ ಕಾಯಿಲೆ ಅಂತ ನಿಲ್ಲಿಸುವುದೂ ಬೇಡ. ವಯಸ್ಸಿಗೆ ತಕ್ಕ ಸಾಮಾನ್ಯ ಊಟ. ಬಂಗುಡೆ, ಬೂತಾಯಿ, ಮೊಟ್ಟೆ, ಹೆಸರುಕಾಳು, ಎಲ್ಲ ಆಗುತ್ತದೆ.

ಕಮ್ಮಿ ಮಾಡಬೇಕಾದ್ದು ಉಪ್ಪು. ಅದು ನಮ್ಮ ಕಡೆ ಸುಲಭವಲ್ಲ, ಅಲ್ವಾ? ಕುಚ್ಚಲಕ್ಕಿ ಗಂಜಿ ಅಂದರೆ ಪಕ್ಕದಲ್ಲಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಇರಲೇಬೇಕು. ಮಳೆಗಾಲಕ್ಕೆ ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಬೇರೆ. ಊತ ಇರುವಾಗ ಮತ್ತು ಸ್ಟಿರಾಯ್ಡ್ ಜೋರಾಗಿ ನಡೆಯುವಾಗ ಇವು ಪೂರ್ತಿ ಬಂದ್. ಪ್ಯಾಕೆಟ್ ಚಿಪ್ಸ್ ಕೂಡ. ಗಂಜಿಗೆ ಉಪ್ಪಿಲ್ಲದ ತಿಮರೆ (ಒಂದೆಲಗ) ಚಟ್ನಿ, ಸ್ವಲ್ಪ ಲಿಂಬೆ ಹಿಂಡಿದರೆ ಮಕ್ಕಳು ತಿನ್ನುತ್ತಾರೆ. ಎರಡು ದಿನ ಮುಖ ಸಿಂಡರಿಸುತ್ತಾರೆ, ಮೂರನೇ ದಿನ ಅಭ್ಯಾಸ. ಮನೆಯವರೆಲ್ಲ ಒಣಮೀನು ಹುರಿದು ತಿಂದು ಮಗುವಿಗೆ ಮಾತ್ರ ಸಪ್ಪೆ ಕೊಟ್ಟರೆ ನಡೆಯುವುದಿಲ್ಲ. ಆ ವಾರ ಎಲ್ಲರಿಗೂ ಸಪ್ಪೆಯೇ.

ಬೊಂಡದ ನೀರು (ಎಳನೀರು) ಹೆಚ್ಚಿನ ಮಕ್ಕಳಿಗೆ ಆಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಮ್ ಜಾಸ್ತಿ ಅಂತ ಹೇಳಿದ್ದರೆ ಮಾತ್ರ ಬೇಡ.

ಆಟಿ ಅಮಾವಾಸ್ಯೆಗೆ ಹಾಲೆ ಕಷಾಯ ಕೊಡಬಹುದಾ? ನಾಟಿ ಮದ್ದು?

ಆ ದಿನ ನಸುಕಿಗೆ ಹಾಲೆ ಮರದ ತೊಗಟೆ ಕೆತ್ತಿ ತಂದು ಕಷಾಯ ಮಾಡಿ ಕುಡಿಯುವುದು ನಮ್ಮ ಕಡೆಯ ಪದ್ಧತಿ. ಈ ಮಗುವಿಗೆ ಬೇಡ. ದೊಡ್ಡವರು ಕುಡಿಯಲಿ, ಮಗುವಿಗೆ ಮೆಂತೆ ಗಂಜಿ ಕೊಡಿ. ನಸುಕಿನ ಕತ್ತಲಲ್ಲಿ ಹಾಲೆಯ ತೊಗಟೆ ಅಂತ ಕಾಸರಕನ ತೊಗಟೆ ಕೆತ್ತಿ ತಂದರೆ ಅದು ವಿಷ. ಸರಿಯಾದ ಮರದ್ದೇ ಆದರೂ ಆ ಕಹಿ ಕಷಾಯ ಕುಡಿದು ವಾಂತಿಯಾದರೆ ಅವತ್ತಿನ ಮಾತ್ರೆಯೂ ಹೊರಗೆ.

ನಾಟಿ ಮದ್ದಿನಲ್ಲಿ ಏನೇನಿದೆ ಅಂತ ಕೊಡುವವರೇ ಹೇಳದಿದ್ದರೆ ನಾನು ಮುಟ್ಟುವುದಿಲ್ಲ. ಪಾದರಸ, ಸೀಸ ಇರುವ ಮದ್ದು ಕಿಡ್ನಿಯನ್ನೇ ಹಾಳು ಮಾಡುತ್ತದೆ. ದೈವಕ್ಕೆ ಹರಕೆ ಹೇಳಿಕೊಂಡಿದ್ದರೆ ಹರಕೆ ನಡೆಯಲಿ, ಮಾತ್ರೆಯೂ ನಡೆಯಲಿ. ನಾವೂ ಹೇಳಿಕೊಂಡಿದ್ದೇವೆ.

ಲಸಿಕೆ ಹಾಕಿಸಬಹುದಾ?

ಹಾಕಿಸಬೇಕು, ಆದರೆ ಹೊತ್ತು ನೋಡಿ. ಸ್ಟಿರಾಯ್ಡ್ ಜೋರು ಡೋಸ್‌ನಲ್ಲಿರುವಾಗ ಜೀವಂತ ಲಸಿಕೆಗಳು, ಅಂದರೆ ದಡಾರ, ಚಿಕನ್‌ಪಾಕ್ಸ್, ಬಾಯಿಗೆ ಹಾಕುವ ಪೋಲಿಯೋ ಹನಿ, ಇವು ಬೇಡ. ಡೋಸ್ ಇಳಿದ ಮೇಲೆ ಯಾವಾಗ ಅಂತ ಕೇಳಿ. ಪಲ್ಸ್ ಪೋಲಿಯೋ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಹೇಳಿಬಿಡಿ. ನ್ಯುಮೋಕಾಕಲ್ ಮತ್ತು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಈ ಮಕ್ಕಳಿಗೆ ಮುಖ್ಯ. ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಶಿಶುಗಳಿಗೆ ಸರ್ಕಾರಿ ಪಟ್ಟಿಯಲ್ಲೇ ಇದೆ. ಅದಕ್ಕಿಂತ ಮೊದಲು ಹುಟ್ಟಿದ ಮಕ್ಕಳ ತಾಯಿ ಕಾರ್ಡ್ ತೆಗೆದು ನೋಡಿ.

ಪಕ್ಕದ ಮನೆಯಲ್ಲಿ ‘ಅಮ್ಮ’ ಬಂದಿದ್ದರೆ, ಅಂದರೆ ಚಿಕನ್‌ಪಾಕ್ಸ್ ಆಗಿದ್ದರೆ, ಮತ್ತು ನಿಮ್ಮ ಮಗು ಅವರ ಜೊತೆ ಆಡಿದ್ದರೆ, ಗುಳ್ಳೆ ಬರಲಿ ಅಂತ ಕಾಯದೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಶಾಲೆಗೆ ಕಳಿಸಬಹುದಾ? ಅಷ್ಟಮಿಗೆ ಹುಲಿವೇಷ ಹಾಕುತ್ತೇನೆ ಅಂತ ಹಠ.

ಶಾಲೆಗೆ ಕಳಿಸಿ. ಓಡಲಿ, ಆಡಲಿ. ಮಲಗಿಸಿ ಇಡುವ ಕಾಯಿಲೆ ಅಲ್ಲ. ಟೀಚರಿಗೆ ಎರಡು ಮಾತು ಹೇಳಿ: ಮುಖ ಊದಿದರೆ ಫೋನ್ ಮಾಡಿ, ಬಿಸಿಯೂಟದಲ್ಲಿ ಉಪ್ಪಿನಕಾಯಿ ಬೇಡ. ‘ಬನ್ಸ್’ ಅಂತ ಹೆಸರಿಟ್ಟಿದ್ದರು ನಮ್ಮವನಿಗೆ. ಟೀಚರ್ ತರಗತಿಯಲ್ಲಿ ಒಮ್ಮೆ ಸರಿಯಾಗಿ ಹೇಳಿದ ಮೇಲೆ ನಿಂತಿತು.

ಹುಲಿವೇಷ? ರೆಮಿಷನ್‌ನಲ್ಲಿದ್ದು, ಡೋಸ್ ಇಳಿದಿದ್ದರೆ ಕುಣಿಯಲಿ. ಮೈತುಂಬ ಪೇಂಟ್ ಬೇಡ, ಹುಲಿ ಬಣ್ಣದ ಬನಿಯನ್ ಹೊಲಿದು ಮುಖವಾಡ ಹಾಕಿದರೆ ಆಯಿತು. ನಾನು ಹಾಗೇ ಹೊಲಿದೆ. ಬಣ್ಣ ತೆಗೆಯಲು ಸೀಮೆಎಣ್ಣೆ ಉಜ್ಜುವುದಂತೂ ಬೇಡವೇ ಬೇಡ. ಜೋರು ಡೋಸ್ ನಡೆಯುತ್ತಿರುವಾಗ ರಥಬೀದಿಯ ಆ ಜನಜಂಗುಳಿಗೆ ಕರೆದುಕೊಂಡು ಹೋಗಬೇಡಿ, ಟಿ.ವಿ.ಯಲ್ಲಿ ನೋಡಲಿ.

ಎಲ್ಲಿಗೆ ಹೋಗಬೇಕು? ಖರ್ಚು?

ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಅಲ್ಲಿ ಮಕ್ಕಳಿಗೆಂದೇ ದೊಡ್ಡ ವಿಭಾಗ ಇದೆ. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಮಣಿಪಾಲ ಮತ್ತು ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಹತ್ತಿರವೇ. ನಿಜ ಹೇಳಬೇಕೆಂದರೆ ಆಸ್ಪತ್ರೆಯ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ಆದರೆ ಬೈಂದೂರಿನ ಒಳಗಿನಿಂದಲೋ ಸುಳ್ಯದ ಕಾಡಂಚಿನಿಂದಲೋ ಬರುವವರಿಗೆ ಒಂದು ದಿನದ ಕೂಲಿ, ಎರಡು ಬಸ್ಸು ಆಗಿಯೇ ಆಗುತ್ತದೆ. ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ 2023ರಿಂದ ಉಂಟು, ಆದರೆ ನಮ್ಮ ರೂಟುಗಳಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ. ಅಲ್ಲಿ ಟಿಕೆಟ್ ತೆಗೆಯಲೇಬೇಕು.

ಪ್ರೆಡ್ನಿಸೊಲೋನ್ ಅಗ್ಗ, ಮಾತ್ರೆಗೆ ಒಂದೆರಡು ರೂಪಾಯಿಯ ಆಸುಪಾಸು. ಜನೌಷಧಿ ಕೇಂದ್ರದಲ್ಲಿ ಕೇಳಿ. ವಾರ್ಡಿಗೆ ಸೇರಬೇಕಾದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇಟ್ಟುಕೊಳ್ಳಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್.ಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮನೆಗೆ ತರುವ ತಿಂಗಳ ಮಾತ್ರೆ ಇದರಲ್ಲಿ ಬರುತ್ತದೆ ಅಂತ ನಂಬಿ ಕೂರಬೇಡಿ.

ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಮಾಡಲೇಬೇಕಾ?

ಹೆಚ್ಚಿನ ಮಕ್ಕಳಿಗೆ ಬೇಡ. 6 ವಾರ ದಿನಾ ಸ್ಟಿರಾಯ್ಡ್ ಕೊಟ್ಟರೂ ಸೋರಿಕೆ ನಿಲ್ಲದಿದ್ದರೆ, ಒಂದು ವರ್ಷದೊಳಗಿನ ಮಗುವಾದರೆ, ಮೂತ್ರದಲ್ಲಿ ಕೆಂಪು ರಕ್ತ ಇದ್ದರೆ, ಕಿಡ್ನಿ ಕೆಲಸ ಕುಸಿದರೆ ಯೋಚಿಸುತ್ತಾರೆ. ಸ್ಟಿರಾಯ್ಡ್‌ಗೆ ಬಗ್ಗದ ಆ ಚಿಕ್ಕ ಗುಂಪಿನ ದಾರಿ ಬೇರೆ. ಅಲ್ಲಿ ಜೀನ್ ಪರೀಕ್ಷೆ, ಬೇರೆ ಮದ್ದು, ಕೆಲವರಿಗೆ ಮುಂದೆ ಡಯಾಲಿಸಿಸ್‌ವರೆಗೂ ಹೋಗಬಹುದು. ಅವರು ಮಕ್ಕಳ ಕಿಡ್ನಿ ತಜ್ಞರ ಕೈಯಲ್ಲೇ ಇರಬೇಕು, ಊರಿನ ಕ್ಲಿನಿಕ್ ಸಾಲದು.

ಇದು ಯಾವಾಗ ಮುಗಿಯುತ್ತದೆ? ಎಷ್ಟು ವರ್ಷ ಮೂತ್ರ ನೋಡುವುದು?

ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತಾ ರಿಲ್ಯಾಪ್ಸ್‌ಗಳ ನಡುವಿನ ಅಂತರ ಹಿಗ್ಗುತ್ತದೆ, ಹದಿಹರೆಯ ದಾಟುವಷ್ಟರಲ್ಲಿ ನಿಲ್ಲುತ್ತದೆ. ಕೆಲವರಿಗೆ ದೊಡ್ಡವರಾದ ಮೇಲೂ ಬರುವುದುಂಟು.

ಮೊದಲು ದಿನಾ ನೋಡುತ್ತಿದ್ದೆವು. ಈಗ ಡಾಕ್ಟರು ಹೇಳಿದ ಹಾಗೆ ವಾರಕ್ಕೆ ಎರಡು ಸಲ, ಶೀತ ಬಂದರೆ ದಿನಾ. ಅವನಿಗೆ ಕೊನೆಯ ರಿಲ್ಯಾಪ್ಸ್ ಆಗಿ ಎರಡು ವರ್ಷ ಆಗುತ್ತಾ ಬಂತು. ಸ್ಟ್ರಿಪ್ ಈಗ ಅವನೇ ಅದ್ದುತ್ತಾನೆ, ‘ನಿಲ್’ ಅಂತ ಅವನೇ ಬರೆಯುತ್ತಾನೆ. ಕೆಲವು ದಿನ ನೋಡದೆಯೇ ಬರೆದಿದ್ದಾನೆ ಅನ್ನುವ ಅನುಮಾನ ನನಗುಂಟು. ಹಾಗಾಗಿ ಡಬ್ಬಿಯಲ್ಲಿ ಉಳಿದ ಸ್ಟ್ರಿಪ್‌ಗಳನ್ನು ಆಗಾಗ ಎಣಿಸುತ್ತೇನೆ.